ಸುಡಾನಿನ ಆ ಮಕ್ಕಳ ಕಥೆಯಲ್ಲಿ ಹುಡುಗಿಯರು ಯಾಕೆ ಕಾಣಿಸುವುದಿಲ್ಲ?

ಭಾರತಿ_ಹಾವೇರಿ
ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಸುಡಾನಿನ ಅಂತರ್ಯುದ್ಧದಲ್ಲಿ ಅಪ್ಪ ಅಮ್ಮನಿಂದ ಬೇರೆಯಾಗಿ ಇಥಿಯೋಪಿಯಾದವರೆಗೆ ನಡೆದೇ ಹೋದ ಮಕ್ಕಳ ಬಗ್ಗೆ ಒಂಬತ್ತನೇ ಕ್ಲಾಸಿಗೆ ಹೇಳಬೇಕು ಅಂತಿದ್ದೇನೆ. ಸುಮಾರು 20,000 ಮಕ್ಕಳು ಅಂತ ಓದಿದೆ, ಆರೇಳು ವರ್ಷದವರೂ ಇದ್ದರಂತೆ. ದೊಡ್ಡವರಿಲ್ಲದೆ ಅಷ್ಟು ಚಿಕ್ಕವರು ಹೇಗೆ ಉಳಿದರು? ಮತ್ತೆ, ಯಾವ ಫೋಟೋ ನೋಡಿದರೂ ಬರೀ ಹುಡುಗರೇ. ಹುಡುಗಿಯರು ಏನಾದರು? ನನ್ನ ಕ್ಲಾಸಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಅವರು ಇದನ್ನು ಕೇಳಿಯೇ ಕೇಳುತ್ತಾರೆ.

ರಾಘು_ಕೆ
ಮೇಡಂ, ದನದಿಂದಲೇ ಶುರು ಮಾಡಿ, ಹಾವೇರಿ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಈ ಮಕ್ಕಳಲ್ಲಿ ಹೆಚ್ಚಿನವರು ದಕ್ಷಿಣ ಸುಡಾನಿನ ಡಿಂಕಾ ಮತ್ತು ನುವೇರ್ ಜನ, ಅವರಿಗೆ ದನವೇ ಆಸ್ತಿ. ಹುಡುಗರು ಊರಾಚೆ ದನದ ಹಟ್ಟಿಗಳಲ್ಲಿ ಇರುತ್ತಿದ್ದರು. 1983ರಲ್ಲಿ ಯುದ್ಧ ಶುರುವಾಗಿ, ಆಮೇಲೆ ಊರುಗಳ ಮೇಲೆ ದಾಳಿ ಆದಾಗ ಮನೆಯಲ್ಲಿದ್ದವರು ಸತ್ತರು ಇಲ್ಲವೇ ಸೆರೆ ಸಿಕ್ಕರು. ಹಟ್ಟಿಯಲ್ಲಿದ್ದ ಹುಡುಗರು ಹೊಗೆ ನೋಡಿ, ಗುಂಡಿನ ಸದ್ದು ಕೇಳಿ ಕಾಡಿಗೆ ಓಡಿದರು. ಹೀಗೆ ಓಡಿದವರು ದಾರಿಯಲ್ಲಿ ಒಬ್ಬರಿಗೊಬ್ಬರು ಸಿಕ್ಕಿ ಗುಂಪಾದರು. ಹತ್ತು ಹನ್ನೆರಡು ವರ್ಷದವನೇ ಚಿಕ್ಕವರಿಗೆ ಯಜಮಾನ. ವಿಮಾನಕ್ಕೆ ಹೆದರಿ ರಾತ್ರಿ ನಡೆಯುತ್ತಿದ್ದರು, ಹಗಲು ಪೊದೆಯಲ್ಲಿ ಮಲಗುತ್ತಿದ್ದರು, ಎಲೆ ಕಾಡುಹಣ್ಣು ಏನು ಸಿಕ್ಕಿತೋ ಅದನ್ನೇ ತಿನ್ನುತ್ತಿದ್ದರು. ಕೆಲವು ಗುಂಪುಗಳಲ್ಲಿ ದೊಡ್ಡವರೂ ಇದ್ದರು. ಆದರೂ ಹಸಿವು, ಬಾಯಾರಿಕೆ, ಸಿಂಹಗಳಿಗೆ ಬಹಳ ಮಕ್ಕಳು ಸತ್ತರು.

ಇಥಿಯೋಪಿಯಾಕ್ಕೆ ಹೋಗಿ ಮುಟ್ಟಿದರೂ ಕಥೆ ಮುಗಿಯಲಿಲ್ಲ. 1991ರಲ್ಲಿ ಅಲ್ಲಿನ ಮೆಂಗಿಸ್ತು ಸರ್ಕಾರ ಬಿತ್ತು, ಪಿನ್ಯುಡೋ ಅನ್ನುವ ನಿರಾಶ್ರಿತರ ಕ್ಯಾಂಪಿನಲ್ಲಿದ್ದ ಮಕ್ಕಳು ಮತ್ತೆ ಓಡಬೇಕಾಯಿತು. ಮಳೆಗಾಲ, ಗಿಲೋ ನದಿ ತುಂಬಿ ಹರಿಯುತ್ತಿತ್ತು. ಹಿಂದೆ ಗುಂಡು, ನೀರಿನಲ್ಲಿ ಮೊಸಳೆ, ಈಜು ಬಾರದ ಮಕ್ಕಳು. ಉಳಿದವರು ಸುಡಾನ್ ದಾಟಿಕೊಂಡು 1992ರಲ್ಲಿ ಕೀನ್ಯಾದ ಕಾಕುಮಾ ನಿರಾಶ್ರಿತರ ಕ್ಯಾಂಪು ಮುಟ್ಟಿದರು. ದಯವಿಟ್ಟು ನಕ್ಷೆ ಹಿಡಿದೇ ಪಾಠ ಮಾಡಿ.

ಸುಮಾ_ಡಲ್ಲಾಸ್
ಹುಡುಗಿಯರ ಪ್ರಶ್ನೆಗೆ ನಾನು ಹೇಳುತ್ತೇನೆ, ಇದನ್ನು ಕೇಳುವವರೇ ಕಡಿಮೆ. ಹುಡುಗಿಯರೂ ನಡೆದಿದ್ದರು. ಸಂಖ್ಯೆ ಕಡಿಮೆ ಇತ್ತು ನಿಜ, ಆದರೆ ಇದ್ದರು. ಕ್ಯಾಂಪಿನಲ್ಲಿ ಹುಡುಗರನ್ನು ಗುಂಪು ಗುಂಪಾಗಿ ಬೇರೆ ಇರಿಸಿದರು. ಹೆಣ್ಣುಮಕ್ಕಳು ಒಂಟಿಯಾಗಿ ಇರಬಾರದು ಅನ್ನುವ ಪದ್ಧತಿಯಂತೆ ಹುಡುಗಿಯರನ್ನು ಅಲ್ಲಿದ್ದ ಸುಡಾನಿ ಕುಟುಂಬಗಳಿಗೆ ಒಪ್ಪಿಸಿದರು. ಕೆಲವು ಮನೆಯವರು ಚೆನ್ನಾಗಿ ನೋಡಿಕೊಂಡರು. ಎಷ್ಟೋ ಮನೆಗಳಲ್ಲಿ ನೀರು ಹೊರುವುದು, ಅಡುಗೆ, ಮಗು ಆಡಿಸುವುದು, ಶಾಲೆ ಇಲ್ಲ. ವಯಸ್ಸಿಗೆ ಬಂದರೆ ಮದುವೆ, ಆ ಸಮಾಜದಲ್ಲಿ ವಧುದಕ್ಷಿಣೆಯಾಗಿ ಬರುವ ದನ ಸಾಕಿದವರಿಗೇ ಸೇರುತ್ತಿತ್ತು.

2000ದ ಕೊನೆಯಿಂದ ಅಮೆರಿಕ ಸುಮಾರು 3,800 ಜನರನ್ನು ಕರೆಸಿಕೊಂಡಿತು. ತಂದೆ ತಾಯಿ ಇಲ್ಲದೆ ಒಂಟಿಯಾಗಿರುವವರು ಯಾರು ಅಂತ ಪಟ್ಟಿ ಮಾಡುವಾಗ ಹುಡುಗಿಯರು ಕಾಗದದ ಮೇಲೆ ಯಾವುದೋ ಕುಟುಂಬದವರಾಗಿಬಿಟ್ಟಿದ್ದರು. ಕೊನೆಗೆ ಬಂದ ಹುಡುಗಿಯರು 89 ಜನ, ಅಷ್ಟೇ. ನನಗೆ ಈಗಲೂ ಇದು ಸಂಕಟ. ಅವರನ್ನು ಕಾಪಾಡಲು ಮಾಡಿದ ಏರ್ಪಾಡೇ ಅವರನ್ನು ಕಣ್ಣಿಗೆ ಕಾಣದ ಹಾಗೆ ಮಾಡಿತು. ನಿಮ್ಮ ವಿದ್ಯಾರ್ಥಿನಿಯರಿಗೆ ಇದನ್ನು ಬಿಡದೆ ಹೇಳಿ.

ಇಲ್ಲಿ ಡಲ್ಲಾಸಿಗೂ ಆ ಹುಡುಗರಲ್ಲಿ ಕೆಲವರು ಬಂದರು, ನಾನು ಸ್ವಲ್ಪ ದಿನ ಇಂಗ್ಲಿಷ್ ಓದಿಸಲು ಹೋಗುತ್ತಿದ್ದೆ. ಬಹಳ ಜನರ ಹುಟ್ಟಿದ ದಿನ ಜನವರಿ 1! ಯಾರಿಗೂ ತಾರೀಖು ಗೊತ್ತಿಲ್ಲದ್ದರಿಂದ ಕ್ಯಾಂಪಿನಲ್ಲಿ ಅಂದಾಜಿನ ವಯಸ್ಸು ಹಾಕಿ ಎಲ್ಲರಿಗೂ ಅದೇ ದಿನ ಬರೆದಿದ್ದರು. 18 ದಾಟಿದವನು ಅಂತ ಬರೆದಿದ್ದರೆ ಸಾಕುಮನೆ ಇಲ್ಲ, ಕೆಲವೇ ತಿಂಗಳಲ್ಲಿ ಬಾಡಿಗೆ ತಾನೇ ಕಟ್ಟಬೇಕು.

ಇಮಾಮ್_ಗದಗ
ಇನ್ನೊಂದು ಮಾತು, ಕಹಿ ಆದರೂ ಬಿಡಬೇಡಿ. ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಬಂಡುಕೋರ ಸೈನ್ಯವೇ ಆ ಇಥಿಯೋಪಿಯಾ ಕ್ಯಾಂಪುಗಳ ಹುಡುಗರಿಗೆ ಬಂದೂಕಿನ ತರಬೇತಿ ಕೊಟ್ಟಿತ್ತು. ಅವರೆಲ್ಲ ಸುಮ್ನೆ ದಾರಿ ತಪ್ಪಿದ ಮಕ್ಕಳು ಅಂತ ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ.

ಭಾರತಿ_ಹಾವೇರಿ
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. 89 ಅನ್ನುವುದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇವರಲ್ಲಿ ಯಾರಿಗಾದರೂ ಅಪ್ಪ ಅಮ್ಮ ಮತ್ತೆ ಸಿಕ್ಕಿದರಾ?

ರಾಘು_ಕೆ
ಕೆಲವರಿಗೆ ಸಿಕ್ಕಿದರು ಮೇಡಂ. ರೆಡ್ ಕ್ರಾಸ್‌ನವರದ್ದು ಒಂದು ಕ್ರಮ ಇದೆ. ಮಗುವಿನ ಹೆಸರು, ಅಪ್ಪ ಅಜ್ಜನ ಹೆಸರು, ಊರು ಎಲ್ಲ ಬರೆದುಕೊಂಡು ಹುಡುಕುತ್ತಾರೆ. ಬರೀ ಮನೆಯ ಸುದ್ದಿ ಇರುವ ಪತ್ರವನ್ನು ಮುಚ್ಚದೆ, ಅಂಚೆ ಇಲ್ಲದ ಕಡೆಗೂ ಕೈಯಿಂದ ಕೈಗೆ ತಲುಪಿಸುತ್ತಾರೆ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಲೋಪೆಜ್ ಲೊಮೊಂಗ್ ಅಂತ ಓಟಗಾರ, ಆರು ವರ್ಷದವನಿದ್ದಾಗ ಸೈನಿಕರು ಹೊತ್ತೊಯ್ದಿದ್ದರು. ಮನೆಯವರು ಸತ್ತನೆಂದೇ ತಿಳಿದಿದ್ದರು. ಕಾಕುಮಾದಲ್ಲಿ ಬೆಳೆದು ಅಮೆರಿಕ ಸೇರಿ, 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಆ ದೇಶದ ಧ್ವಜ ಹಿಡಿದು ನಡೆದ. ಅವನಿಗೆ ಅಪ್ಪ ಅಮ್ಮ ಇಬ್ಬರೂ ಸಿಕ್ಕಿದರು. 2005ರಲ್ಲಿ ಶಾಂತಿ ಒಪ್ಪಂದ ಆಯಿತು, 2011ರಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವೇ ಆಯಿತು. ಆದರೆ 2013ರ ಡಿಸೆಂಬರ್‌ನಲ್ಲಿ ಅಲ್ಲೇ ಮತ್ತೆ ಯುದ್ಧ ಹತ್ತಿಕೊಂಡಿತು, ಕಾಕುಮಾಕ್ಕೆ ಮತ್ತೆ ಒಂಟಿ ಮಕ್ಕಳು ಬಂದರು.