13 ತಿಂಗಳ ಲ್ಯಾಬ್ರಡಾರ್, ಹಿಂಗಾಲಿನ ಮಂಡಿ ಲಿಗಮೆಂಟ್‌ಗೆ ಏಟು: ಮನೆಯಲ್ಲಿ ಹೇಗೆ ನೋಡಿಕೊಳ್ಳೋದು?

ಜೇನುಗಲ್ಲು:
ಮೂಡಿಗೆರೆ ಹತ್ತಿರದ ತೋಟದ ಮನೆ. ಗಂಡು ಲ್ಯಾಬ್, 31 ಕೆಜಿ. ಪಿಕಪ್‌ನಿಂದ ಕಣಕ್ಕೆ ಹಾರಿದಾಗ ಬಲ ಹಿಂಗಾಲು ಎತ್ತಿಕೊಂಡ. ಈಗ ನಿಂತಾಗ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸ್ತಾನೆ, ಕೂತಾಗ ಆ ಕಾಲನ್ನು ಪಕ್ಕಕ್ಕೆ ಚಾಚಿಕೊಂಡೇ ಕೂರ್ತಾನೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ. ಮಂಡಿಯೊಳಗಿನ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಗಟ್ಟಿ ನಾರು) ಅರ್ಧ ಹರಿದಿರಬಹುದು ಅಂತ ಡಾಕ್ಟರ್ ಹೇಳಿ, ನೋವು ಇಳಿಸೋ ಮೆಲಾಕ್ಸಿಕ್ಯಾಮ್ ಬರೆದು, ರೆಸ್ಟ್ ಕೊಡಿ ಅಂದಿದ್ದಾರೆ. ಔಷಧಿ ಶುರುವಾದ ಮೇಲೆ ಸೋಫಾ ಹತ್ತೋಕೆ ನೋಡ್ತಾನೆ, ಹಿಡಿಯೋದೇ ಕಷ್ಟ. ರೆಸ್ಟ್ ಅಂದ್ರೆ ಎಷ್ಟು ರೆಸ್ಟ್? ಒಂದಿಷ್ಟೂ ನಡೆಸಬಾರದಾ? ಕ್ರೇಪ್ ಬ್ಯಾಂಡೇಜ್ ಸುತ್ತಬಹುದಾ, ಎಣ್ಣೆ ಹಾಕಿ ತಿಕ್ಕಬಹುದಾ? ಆಪರೇಷನ್ ಮಾಡಿಸಲೇಬೇಕಾ?

ಗೋಣಿತಟ್ಟು:
ಮೊದಲು ಒಂದು ಮಾತು. ಔಷಧಿ ತಗೊಂಡು ಸೋಫಾ ಹತ್ತುವ ನಾಯಿ ವಾಸಿಯಾಗಿಲ್ಲ, ಅದರ ನೋವು ಕಮ್ಮಿಯಾಗಿದೆ ಅಷ್ಟೆ. ಅರ್ಧ ಹರಿದಿದ್ದು ಪೂರ್ತಿ ಹರಿಯುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಹಾಗಂತ ಔಷಧಿ ನಿಲ್ಲಿಸಬೇಡಿ, ನಾಯಿಯನ್ನು ನಿಲ್ಲಿಸಿ.

ಎದ್ದು ನಿಲ್ಲೋಕೆ, ತಿರುಗೋಕೆ, ಕಾಲು ಚಾಚಿ ಮಲಗೋಕೆ ಜಾಗ ಸಾಕು, ಓಡೋಕೆ ಸಾಲಬಾರದು. ಈ ಗಾತ್ರದ ನಾಯಿಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಹಿಡಿಸುತ್ತೆ. ಕೋಣೆಯ ಮೂಲೆಗೆ ಅಡ್ಡ ಹಲಗೆ ಕಟ್ಟಿದರೂ ಆಯ್ತು, ಆದರೆ ಎತ್ತರ ನಿಮ್ಮ ಎದೆಮಟ್ಟಕ್ಕಿಂತ ಮೇಲಿರಲಿ, ಇಲ್ಲಾಂದ್ರೆ ಹಾರಿಬಿಡುತ್ತೆ. ಬಾಗಿಲ ಎದುರಿನ ಜಾಗ ಬೇಡ. ಗೇಟಿನ ಸದ್ದು ಕೇಳಿದಾಗಲೆಲ್ಲ ಹಿಂಗಾಲ ಮೇಲೆ ಎದ್ದು ನಿಲ್ಲುತ್ತೆ.

ನಮ್ಮ ಕಡೆ ಮನೆಗಳ ದೊಡ್ಡ ಶತ್ರು ರೆಡ್ ಆಕ್ಸೈಡ್ ನೆಲ. ಪಾಲಿಶ್ ಮಾಡಿದ ನೆಲದಲ್ಲಿ ಹಿಂಗಾಲು ಹೊರಗೆ ಜಾರುವಾಗ ಮಂಡಿ ತಿರುಚಿಕೊಳ್ಳುತ್ತೆ, ಈ ಲಿಗಮೆಂಟಿಗೆ ಬೇಡವಾದ್ದು ಅದೇ. ನಾಯಿ ಮಲಗುವ ಜಾಗದಿಂದ ಅಂಗಳದವರೆಗೆ ಖಾಲಿ ಗೋಣಿಚೀಲ ಹಾಸಿ, ಅಂಚನ್ನು ಅಗಲ ಟೇಪಿನಿಂದ ಅಂಟಿಸಿ. ಅಂಟಿಸದ ಚೀಲ ನೆಲಕ್ಕಿಂತಲೂ ಕೆಟ್ಟದು, ಚೀಲದ ಸಮೇತ ಜಾರುತ್ತೆ. ತೆಂಗಿನ ನಾರಿನ ಮ್ಯಾಟ್ ಇದ್ದರೆ ಇನ್ನೂ ಒಳ್ಳೇದು. ಉಗುರು ಕತ್ತರಿಸಿ, ಪಾದದ ಅಡಿ ಬೆಳೆದ ಕೂದಲೂ ತೆಗೆಯಿರಿ.

ಜಗುಲಿ ಮೆಟ್ಟಿಲಿಗೆ ಹಳೆ ಟವೆಲ್ ಉದ್ದಕ್ಕೆ ಮಡಚಿ ಹೊಟ್ಟೆಯಡಿ, ತೊಡೆಯ ಮುಂದೆ ಬರುವ ಹಾಗೆ ಹಾಕಿ ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ಗಂಡು ನಾಯಿ ಅಲ್ವಾ, ಟವೆಲ್ ಹಿಂದೆ ಸರಿದರೆ ಉಚ್ಚೆಗೆ ಅಡ್ಡವಾಗುತ್ತೆ. ಪೂರ್ತಿ ಎತ್ತಬೇಡಿ, ಸ್ವಲ್ಪ ಭಾರ ತಗೊಂಡರೆ ಸಾಕು.

ಪೆಟ್ಟಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕೋದು, ಬಿಸಿ ಶಾಖ ಕೊಡೋದು ಮೊದಲ ಮೂರು ದಿನ ಬೇಡ, ಊತ ಜಾಸ್ತಿಯಾಗುತ್ತೆ. ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ಕ್ರೇಪ್ ಬ್ಯಾಂಡೇಜ್ ಮಂಡಿಗೆ ನಿಲ್ಲೋದೇ ಇಲ್ಲ. ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ ಇರೋದರಿಂದ ಜಾರಿ ಮಂಡಿಯ ಕೆಳಗೆ ಉಂಗುರದ ಹಾಗೆ ಬಿಗಿಯುತ್ತೆ, ಪಾದ ಊದುತ್ತೆ. ನಾಟಿ ಪಟ್ಟು ಕಟ್ಟಿಸುವುದಕ್ಕೂ ಇದೇ ಮಾತು.

ಮೆಲಾಕ್ಸಿಕ್ಯಾಮ್ ಸಾಮಾನ್ಯವಾಗಿ ಮೊದಲ ದಿನ ಕೆಜಿಗೆ 0.2 ಮಿಗ್ರಾಂ, ಆಮೇಲೆ 0.1, ದಿನಕ್ಕೆ ಒಂದೇ ಸಲ, ಊಟದ ಜೊತೆ. 31 ಕೆಜಿಗೆ ದಿನಕ್ಕೆ 3.1 ಮಿಗ್ರಾಂ ಆಯ್ತು. ಮನುಷ್ಯರ ಮಾತ್ರೆ 7.5, 15 ಮಿಗ್ರಾಂ ಬರುತ್ತೆ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಡೋ ಕೆಲಸ ಬೇಡವೇ ಬೇಡ. ಮನುಷ್ಯರ ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಲೇಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಹೋಗುತ್ತೆ. ವಾಂತಿ, ಊಟ ಬಿಡೋದು, ಡಾಂಬರಿನಂಥ ಕಪ್ಪು ಮಲ ಕಂಡರೆ ಅವತ್ತೇ ಔಷಧಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಬೇರೆ ಯಾರಾದರೂ ಸ್ಟೆರಾಯ್ಡ್ ಇಂಜೆಕ್ಷನ್ ಕೊಡೋಕೆ ಬಂದರೆ, ಈ ಔಷಧಿ ನಡೀತಿದೆ ಅಂತ ಮೊದಲೇ ಹೇಳಿ. ಎರಡೂ ಸೇರಬಾರದು.

ಹೇಮಾವತಿ ದಂಡೆ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಲಿಗಮೆಂಟ್ ಅಂತ ಖಾತ್ರಿಯಾಗಿದೆಯಾ? "ಇರಬಹುದು" ಅಂದಿದ್ದಾರೆ ಅಷ್ಟೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣೋದಿಲ್ಲ, ಮಂಡಿಯೊಳಗೆ ನೀರು ತುಂಬಿದ್ದು ಕಾಣುತ್ತೆ. ಖಾತ್ರಿ ಮಾಡೋದು ಕೈಯಿಂದ: ತೊಡೆಮೂಳೆ ಹಿಡಿದು ಕೆಳಗಿನ ಮೂಳೆ ಮುಂದಕ್ಕೆ ಜಾರುತ್ತಾ ಅಂತ ನೋಡ್ತಾರೆ. ಹೆದರಿ ಬಿಗಿಹಿಡಿದ 31 ಕೆಜಿ ನಾಯಿಯಲ್ಲಿ ಇದು ಗೊತ್ತಾಗೋದಿಲ್ಲ, ಮಂಪರು ಕೊಟ್ಟು ನೋಡಬೇಕು. ಅರ್ಧ ಹರಿದಿದ್ದರೆ ಮಂಡಿ ಮಡಚಿದಾಗ ಜಾರುತ್ತೆ, ನೇರ ಮಾಡಿದಾಗ ಜಾರೋದಿಲ್ಲ. ಎರಡೂ ಭಂಗಿಯಲ್ಲಿ ನೋಡಿದ್ದೀರಾ ಅಂತ ಡಾಕ್ಟರನ್ನೇ ಕೇಳಿ. ಮಂಡಿಚಿಪ್ಪು ಪಕ್ಕಕ್ಕೆ ಸರಿಯುತ್ತಾ, ಸೊಂಟದ ಕೀಲು ಹೇಗಿದೆ ಅನ್ನೋದೂ ಆಗಲೇ ಮುಗಿಯುತ್ತೆ. ಲ್ಯಾಬ್‌ಗಳಲ್ಲಿ ಸೊಂಟದ ತೊಂದರೆ ಸಾಮಾನ್ಯ.

ಇನ್ನೊಂದು, ಉಣ್ಣೆ. ಕಾಫಿ ತೋಟದ ನಾಯಿಗೆ ಉಣ್ಣೆ ಜ್ವರ ಬಂದರೆ ಕೀಲು ಊದಿ ಕುಂಟುತ್ತೆ, ನೋಡೋಕೆ ಲಿಗಮೆಂಟಿನ ಹಾಗೇ. ಇವತ್ತು ಈ ಕಾಲು, ನಾಡಿದ್ದು ಆ ಕಾಲು ಕುಂಟಿದರೆ ಲಿಗಮೆಂಟ್ ಅಲ್ಲ. ನಿಮ್ಮಲ್ಲಿ ಹಾರಿದ ತಕ್ಷಣ ಕಾಲೆತ್ತಿದೆ, ಹಾಗಾಗಿ ಮಂಡಿಯೇ ಇರಬೇಕು. ಆದರೂ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ನೋಡಿ. ಎರ್ಲೀಕಿಯಾ (ಉಣ್ಣೆಯಿಂದ ಬರೋ ಜ್ವರದ ರೋಗಾಣು) ಒಳಗಿದ್ದು ಪ್ಲೇಟ್‌ಲೆಟ್ ಇಳಿದಿದ್ದರೆ ಆಪರೇಷನ್ ಟೇಬಲ್ ಮೇಲೆ ರಕ್ತ ನಿಲ್ಲೋದಿಲ್ಲ. ಮೊದಲು ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್, ಸಾಮಾನ್ಯವಾಗಿ 28 ದಿನ, ಆಮೇಲೆ ಉಳಿದದ್ದು.

ಜೇನುಗಲ್ಲು:
ಉಣ್ಣೆ ಇದ್ದೇ ಇದೆ ಮಾರಾಯ್ರೆ, ಮಳೆ ನಿಂತ ಮೇಲೆ ಕಿವಿ ತುಂಬ. ರಕ್ತ ಪರೀಕ್ಷೆ ಮಾಡಿಸ್ತೀನಿ. ಆಪರೇಷನ್ ಬಗ್ಗೆ ಯಾರಾದ್ರೂ ಹೇಳಿ. ಒಬ್ಬರು ನೈಲಾನ್ ದಾರ ಹಾಕ್ತಾರೆ ಅಂತಾರೆ, ಇನ್ನೊಬ್ಬರು ಮೂಳೆ ಕೊಯ್ದು ಪ್ಲೇಟ್ ಹಾಕ್ತಾರೆ ಅಂತಾರೆ.

ಮೂರನೇ ಗೇರು:
ಎರಡೂ ನಿಜ. ತೂಕ ನೋಡಿ ಆರಿಸ್ತಾರೆ. 15 ಕೆಜಿ ಒಳಗಿನ ನಾಯಿಗಳು ಆಪರೇಷನ್ ಇಲ್ಲದೆಯೂ ಸಾಕಷ್ಟು ಸುಧಾರಿಸ್ತವೆ, ಬೇಕಾದರೆ ಕೀಲಿನ ಹೊರಗಿಂದ ನೈಲಾನ್ ಹಾಕಿದರೆ ಸಾಕಾಗುತ್ತೆ. 31 ಕೆಜಿಯ ಕುಣಿಯೋ ಮರಿಗೆ ಆ ದಾರ ಸಡಿಲಾಗೋದು, ತುಂಡಾಗೋದು ಇದೆ. ಇಂಥವಕ್ಕೆ ಟಿಪಿಎಲ್ಓ, ಅಂದ್ರೆ ಆ ಮೂಳೆ ಕೊಯ್ದು ಪ್ಲೇಟ್ ಹಾಕೋ ಆಪರೇಷನ್, ಮಾಡ್ತಾರೆ. ನಾಯಿಯ ಮಂಡಿ ಕೆಳಗಿನ ಮೂಳೆಯ ತಲೆ ಹಿಂದಕ್ಕೆ ಇಳಿಜಾರಾಗಿರುತ್ತೆ, ಹೆಜ್ಜೆ ಊರಿದಾಗೆಲ್ಲ ಮೇಲಿನ ಮೂಳೆ ಆ ಇಳಿಜಾರಿನಲ್ಲಿ ಹಿಂದಕ್ಕೆ ಸರಿಯೋಕೆ ನೋಡುತ್ತೆ. ಅದನ್ನು ತಡೆಯೋದು ಈ ಲಿಗಮೆಂಟ್. ಟಿಪಿಎಲ್ಓದಲ್ಲಿ ಮೂಳೆಯನ್ನು ಬಿಲ್ಲಿನ ಆಕಾರಕ್ಕೆ ಕೊಯ್ದು ತಿರುಗಿಸಿ, ಇಳಿಜಾರನ್ನು ಸುಮಾರು 5 ಡಿಗ್ರಿಗೆ ತಂದು ಪ್ಲೇಟ್ ಕೂರಿಸ್ತಾರೆ. ಲಿಗಮೆಂಟನ್ನು ಜೋಡಿಸೋದೇ ಇಲ್ಲ, ಅದು ಮಾಡ್ತಿದ್ದ ಕೆಲಸವೇ ಬೇಡವಾಗುತ್ತೆ.

13 ತಿಂಗಳು ಅಂದ್ರೆ ಮೂಳೆ ಬೆಳೆಯುವ ಪದರ ಮುಚ್ಚಿದೆಯಾ ಅಂತ ಎಕ್ಸ್‌ರೇಯಲ್ಲಿ ನೋಡಿಸಿ. ತೆರೆದಿದ್ದರೆ ಕಾಯಬೇಕಾಗಬಹುದು. ಹಾಸನದ ಪಶುವೈದ್ಯಕೀಯ ಕಾಲೇಜು ನಿಮಗೆ ಹತ್ತಿರ, ಅಲ್ಲಿನ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಫೋನ್ ಮಾಡಿ ಕೇಳಿ, ಇಲ್ಲದಿದ್ದರೆ ಬೆಂಗಳೂರು. ಕೇಳುವಾಗ "ಟಿಪಿಎಲ್ಓ ಮಾಡ್ತೀರಾ" ಅನ್ನೋದರ ಜೊತೆ "ಒಳಗೆ ಮೆನಿಸ್ಕಸ್ (ಮಂಡಿ ಮೂಳೆಗಳ ನಡುವಿನ ಮೆತ್ತೆ) ನೋಡ್ತೀರಾ" ಅಂತಲೂ ಕೇಳಿ. ಹರಿದ ಮೆನಿಸ್ಕಸ್ ಹಾಗೇ ಬಿಟ್ಟರೆ ಪ್ಲೇಟ್ ಎಷ್ಟು ಚೆನ್ನಾಗಿ ಕೂತರೂ ನಾಯಿ ಕುಂಟುತ್ತೆ.

ಕಾರಿನಲ್ಲಿ ಸೀಟಿನ ಮೇಲೆ ಕೂರಿಸಬೇಡಿ. ನಮ್ಮ ತಿರುವುಗಳಲ್ಲಿ ಬ್ರೇಕ್ ಹಾಕಿದಾಗ ಮೂರು ಕಾಲಿನ ನಾಯಿ ಕೆಳಗೆ ಬೀಳುತ್ತೆ. ಸೀಟಿನ ಹಿಂದಿನ ನೆಲಕ್ಕೆ ಹಾಸಿಗೆ ಹಾಕಿ ಮಲಗಿಸಿ, ಒಬ್ಬರು ಪಕ್ಕದಲ್ಲಿ ಕೂತಿರಿ.

ಎರಡನೇ ಕಾಲು ಮರೀಬೇಡಿ. ಒಂದು ಮಂಡಿ ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದೂ ಹೋಗುತ್ತೆ. ಅದಕ್ಕೇ ತೂಕ ಏರದ ಹಾಗೆ ನೋಡಿಕೊಳ್ಳಿ.

ಗೋಣಿತಟ್ಟು:
ನಡೆಸೋದರ ಲೆಕ್ಕ ಹೇಳ್ತೀನಿ. ಇದು ಆಪರೇಷನ್ ಇಲ್ಲದಿದ್ದರೆ. ಆಪರೇಷನ್ ಆದರೆ ಸರ್ಜನ್ ಹೇಳಿದ್ದೇ ಕೊನೆ. ಮೊದಲ ಎರಡು ವಾರ ಬರೀ ಉಚ್ಚೆ, ಕಕ್ಕಸಿಗೆ, 5 ನಿಮಿಷ, ದಿನಕ್ಕೆ ನಾಲ್ಕು ಸಲ, ಗಿಡ್ಡ ಹಗ್ಗದಲ್ಲಿ. ಉದ್ದ ಬಿಟ್ಟರೆ ಬೆಕ್ಕು ಕಂಡಾಗ ಓಡುವುದು ನಿಮ್ಮ ಕೈಗಿಂತ ಮುಂಚೆ. ಕಾಲು ಊರಿ ನಡೆಯುವಷ್ಟು ನಿಧಾನಕ್ಕೆ ಹೋಗಿ. ಜೋರು ನಡೆದರೆ ಮೂರೇ ಕಾಲಲ್ಲಿ ಕುಪ್ಪಳಿಸಿ ಅದನ್ನೇ ಕಲಿಯುತ್ತೆ. ಮೂರನೇ, ನಾಲ್ಕನೇ ವಾರ 10 ನಿಮಿಷ. ಐದರಿಂದ ಎಂಟನೇ ವಾರಕ್ಕೆ 15, ಆಮೇಲೆ 20, ಸ್ವಲ್ಪ ಏರು ದಾರಿಯಲ್ಲಿ. ಏರು ಹತ್ತುವಾಗ ಹಿಂಗಾಲಿಗೆ ಕೆಲಸ, ಇಳಿಯುವಾಗ ನಿಧಾನ ಮಾಡಿ. ಅಡ್ಡಡ್ಡ ತಿರುಗಿಸೋದು, ಹಗ್ಗ ಬಿಟ್ಟು ಓಡಿಸೋದು, ಚೆಂಡು ಎಸೆಯೋದು ಮೂರು ತಿಂಗಳವರೆಗೆ ಬೇಡ.

ಮಲಗಿದಾಗ ಮಾಡುವ ವ್ಯಾಯಾಮ: ಕುಂಟು ಕಾಲು ಮೇಲಿರುವ ಹಾಗೆ ಮಲಗಿಸಿ, ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಪಾದದ ಹತ್ತಿರ. ಸೈಕಲ್ ತುಳಿದ ಹಾಗೆ ಮಡಚಿ, ಚಾಚಿ, 10ರಿಂದ 15 ಸಲ, ದಿನಕ್ಕೆ ಎರಡು ಮೂರು ಸಲ. ನಾಯಿ ತಲೆ ತಿರುಗಿಸಿ ನಿಮ್ಮ ಕೈ ನೋಡಿದರೆ ಅಲ್ಲಿಗೆ ನಿಲ್ಲಿಸಿ. ನಾಲ್ಕನೇ ವಾರದಿಂದ ಕೂತು ಏಳಿಸೋದು ಶುರು ಮಾಡಿ, ಗೋಡೆಗೆ ಒತ್ತಿ ಕೂರಿಸಿದರೆ ಕಾಲು ಹೊರಗೆ ಚಾಚೋಕೆ ಆಗೋದಿಲ್ಲ. ಐದು ಸಲದಿಂದ ಆರಂಭ. ಆರನೇ ವಾರಕ್ಕೆ ನೆಲದ ಮೇಲೆ ಕೋಲುಗಳನ್ನು ಒಂದೊಂದು ಹೆಜ್ಜೆ ದೂರದಲ್ಲಿಟ್ಟು ದಾಟಿಸಿ. ಎತ್ತರ ಎರಡು ಮೂರು ಇಂಚು ಸಾಕು, ಹಾರಬಾರದು, ಎತ್ತಿ ಇಡಬೇಕು.

ಎರಡೂ ತೊಡೆಯ ಸುತ್ತಳತೆಯನ್ನು ದರ್ಜಿ ಟೇಪಿನಿಂದ ಒಂದೇ ಜಾಗದಲ್ಲಿ ಅಳೆದು ಬರೆದಿಡಿ, ಎರಡು ವಾರಕ್ಕೊಮ್ಮೆ. ಕುಂಟುವ ಕಾಲಿನ ತೊಡೆ ಬೇಗ ಸೊರಗುತ್ತೆ. ಎಂಟು ವಾರವಾದರೂ ಅಳತೆ ಮೇಲೇರದಿದ್ದರೆ, ಕುಂಟು ಹಾಗೇ ಇದ್ದರೆ, ಇನ್ನು ಕಾಯೋದರಲ್ಲಿ ಅರ್ಥ ಇಲ್ಲ. ಮಧ್ಯೆ ಸುಧಾರಿಸ್ತಿದ್ದ ನಾಯಿ ಏಕಾಏಕಿ ಮತ್ತೆ ಕಾಲೆತ್ತಿ, ಮಂಡಿಯಲ್ಲಿ ಟಕ್ ಅಂತ ಸದ್ದು ಬಂದರೆ ಮೆನಿಸ್ಕಸ್ ಹರಿದಿರಬಹುದು, ಬೇಗ ತೋರಿಸಿ.

ರಾಗಿ ಪ್ರೇಮಿ:
ಊಟದ ಲೆಕ್ಕ ಯಾರೂ ಹೇಳಲಿಲ್ಲ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. 31 ಕೆಜಿ ನಿಮ್ಮ ನಾಯಿಯ ಎತ್ತರಕ್ಕೆ ಜಾಸ್ತಿಯಾ ಅಂತ ಡಾಕ್ಟರ್ ಹೇಳ್ತಾರೆ. 27ಕ್ಕೆ ಇಳಿಸಬೇಕಂದರೆ ಕಟ್ಟಿಹಾಕಿರುವಾಗ ದಿನಕ್ಕೆ ಸುಮಾರು 900ರಿಂದ 1000 ಕಿಲೊಕ್ಯಾಲರಿ ಸಾಕು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲೇ 320ರ ಆಸುಪಾಸು ಇರುತ್ತೆ, ಆದ್ದರಿಂದ ಪೆಡಿಗ್ರಿಯ ಮೇಲೆ ಮುದ್ದೆ, ಅದರ ಮೇಲೆ ಕೆಲಸದವರು ಹಾಕೋ ಅನ್ನ, ಹೀಗೆ ಹೋದರೆ ಲೆಕ್ಕ ತಪ್ಪಿತು. ಮುದ್ದೆ ಅರ್ಧ ಮಾಡಿ, ಕೋಳಿ, ಮೊಟ್ಟೆ ಹಾಗೇ ಇರಲಿ. ಸ್ನಾಯುವಿಗೆ ಪ್ರೋಟೀನ್ ಬೇಕು.

ಮೀನೆಣ್ಣೆ ಕೊಡಬಹುದು, ಕೆಜಿಗೆ ಅದರೊಳಗಿನ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್ಎ ಸೇರಿ 50ರಿಂದ 70 ಮಿಗ್ರಾಂ. ಅಂಗಡಿಯ 1000 ಮಿಗ್ರಾಂ ಕ್ಯಾಪ್ಸೂಲಿನಲ್ಲಿ ಹೆಚ್ಚಿನವುಗಳಲ್ಲಿ ಅವೆರಡೂ ಸೇರಿ 300 ಮಾತ್ರ, ಡಬ್ಬಿಯ ಹಿಂದೆ ಓದಿ. ದಿನಕ್ಕೊಂದರಿಂದ ಶುರು ಮಾಡಿ ನಿಧಾನಕ್ಕೆ ಐದಾರಕ್ಕೆ ಏರಿಸಿ, ಒಂದೇ ಸಲ ಕೊಟ್ಟರೆ ಭೇದಿ. ಆಪರೇಷನ್ ದಿನ ಗೊತ್ತಾಗಿದ್ದರೆ ಮೀನೆಣ್ಣೆ ಕೊಡ್ತಿದ್ದೀವಿ ಅಂತ ಸರ್ಜನ್‌ಗೆ ಹೇಳಿ. ಕಾಡ್ ಲಿವರ್ ಆಯಿಲ್ ಬೇರೆ, ಅಷ್ಟೊಂದು ಕೊಟ್ಟರೆ ವಿಟಮಿನ್ ಎ ಮಿತಿಮೀರುತ್ತೆ. ಗ್ಲುಕೋಸಮೈನ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ, ಕೊಟ್ಟರೆ ದುಡ್ಡು ಬಿಟ್ಟು ಬೇರೆ ನಷ್ಟ ಇಲ್ಲ.

ಜೇನುಗಲ್ಲು:
ಎಲ್ಲರಿಗೂ ಥ್ಯಾಂಕ್ಸ್. ಗೋಣಿಚೀಲ ಹಾಸಿದೆ, ಹಲಗೆ ಕಟ್ಟಿದೆ. ಕೊನೇ ಪ್ರಶ್ನೆ: ಈಜು ಒಳ್ಳೇದು ಅಂತಾರಲ್ಲ, ತೋಟದ ಕೆರೆಗೆ ಇಳಿಸಬಹುದಾ?

ಮೂರನೇ ಗೇರು:
ಈಗ ಬೇಡ. ಈಜು ಒಳ್ಳೆಯದೇ, ಕೆರೆಯ ದಂಡೆ ಕೆಟ್ಟದ್ದು. ಕೆಸರಲ್ಲಿ ಜಾರಿ ಇಳಿಯುವಾಗ, ಹತ್ತುವಾಗ ಮಂಡಿಗೆ ಬೀಳೋ ಏಟು ಈಜಿನಿಂದ ಬರೋ ಲಾಭವನ್ನೆಲ್ಲ ತಿಂದುಹಾಕುತ್ತೆ. ಎಂಟು ವಾರದ ಮೇಲೆ, ಡಾಕ್ಟರ್ ಒಪ್ಪಿದರೆ, ಆಪರೇಷನ್ ಆಗಿದ್ದರೆ ಹೊಲಿಗೆ ಪೂರ್ತಿ ಒಣಗಿ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡ ಮೇಲೆ, ಜಲ್ಲಿಯ ಇಳಿಜಾರು ಇರುವ ಕಡೆ ಲೈಫ್ ಜಾಕೆಟ್ ಹಾಕಿ ಹಗ್ಗ ಹಿಡಿದು ಎರಡು ನಿಮಿಷದಿಂದ ಶುರು ಮಾಡಿ. ನಿಂತ ನೀರಿಗೆ ಇಲಿ, ದನದ ಉಚ್ಚೆ ಸೇರಿರುತ್ತೆ, ಲೆಪ್ಟೊ (ಇಲಿಜ್ವರ) ಲಸಿಕೆ ವರ್ಷಕ್ಕೊಮ್ಮೆ ಹಾಕಿಸಿದ್ದೀರಾ ಅಂತ ಕಾರ್ಡ್ ತೆಗೆದು ನೋಡಿ.