ಸಹಾಯ ಬೇಕು: ಚಾರಣಕ್ಕೆ ಸರಳವಾದ ಕಂಪಾಸ್ ಯಾವುದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಚಾರಣಕ್ಕೆ ಒಂದು ಕಂಪಾಸ್ ಬೇಕು, ಜೊತೆಗೆ ನಕ್ಷೆ ನೋಡಿ ದಾರಿ ಹಿಡಿಯುವುದನ್ನೂ ಸರಿಯಾಗಿ ಕಲಿಯಬೇಕು. ಫೋನಿನಲ್ಲಿ ಜಿಪಿಎಸ್ ಇದೆ ನಿಜ, ಬ್ಯಾಟರಿ ಸತ್ತರೆ ಏನು ಮಾಡುವುದು ಅಲ್ವಾ?

ಪಾರದರ್ಶಕ ಪ್ಲಾಸ್ಟಿಕ್ ತಳ ಇರುವ ಬೇಸ್‌ಪ್ಲೇಟ್ ಕಂಪಾಸೇ ಸಾಕು ಅನ್ನಿಸಿದೆ. ಅದನ್ನು ನಕ್ಷೆ ಮೇಲಿಟ್ಟು, ಅಂಚನ್ನು ಇರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ಹೊಂದಿಸಿ, ಡಯಲ್ ಒಳಗಿನ ಗೆರೆಗಳು ನಕ್ಷೆಯ ಉತ್ತರ ದಕ್ಷಿಣ ಗೆರೆಗಳ ಜೊತೆ ಸಾಲಾಗುವ ಹಾಗೆ ತಿರುಗಿಸಿದರೆ ದಿಕ್ಕಿನ ಡಿಗ್ರಿ ಸಿಗುತ್ತದೆ. ಇಲ್ಲಿಯವರೆಗೆ ಅರ್ಥವಾಗಿದೆ.

ತಲೆ ಕೆಡಿಸುತ್ತಿರುವುದು ಡಿಕ್ಲಿನೇಶನ್. ಸೂಜಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಈ ವ್ಯತ್ಯಾಸ ಜಾಗದಿಂದ ಜಾಗಕ್ಕೆ ಬೇರೆ, ವರ್ಷ ಕಳೆದ ಹಾಗೆ ಬದಲಾಗುತ್ತದೆ ಕೂಡ. 10 ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ ಸುಮಾರು 175 ಮೀಟರ್ ಪಕ್ಕಕ್ಕೆ ಹೋಗಿಬಿಡುತ್ತೇವೆ, ಮಂಜು ಮುಸುಕಿದಾಗ ಅದು ಸಣ್ಣ ವಿಷಯ ಅಲ್ಲ.

ಸುಂಟೋ ಕಂಪನಿಯ ಎ-10 ಕಂಪಾಸಿನಲ್ಲಿ ಇದಕ್ಕೆ ಬರೀ ಗುರುತಿನ ಪಟ್ಟಿ ಇದೆ, ಪ್ರತಿ ಸಲ ಕೂಡಿ ಕಳೆಯುವುದು ನಮ್ಮ ಕೆಲಸ. ಅದೇ ಕಂಪನಿಯ ಎಂ-3ಯಲ್ಲಿ ಒಮ್ಮೆ ಹೊಂದಿಸಿಟ್ಟರೆ ಆಯ್ತು. ಹೊಸಬರಿಗೆ ಯಾವುದು ಒಳ್ಳೆಯದು? ಲೆಕ್ಕ ನಾವೇ ಮಾಡಿದರೆ ಚೆನ್ನಾಗಿ ತಲೆಗೆ ಹತ್ತುತ್ತದಾ? ಕನ್ನಡಿ ಇರುವುದು ಬೇಡ, ಸುಮ್ನೆ ಭಾರ ಜಾಸ್ತಿ.

ಇನ್ನೊಂದು ವಿಷಯ. 1:50,000 ನಕ್ಷೆಯಲ್ಲಿ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಇಂಗ್ಲಿಷಿನ ವಿ ಅಕ್ಷರದ ಹಾಗೆ ಬಾಗಿದಾಗ ಅದು ಕಣಿವೆಯೋ ಬೆಟ್ಟದ ಏಣೋ ಅಂತ ಎತ್ತರದ ಅಂಕಿ ಹುಡುಕದೆ ಬೇಗ ಹೇಳುವುದು ಹೇಗೆ? ನೀವು ಹೇಗೆ ಅಭ್ಯಾಸ ಮಾಡಿದಿರಿ, ದಯವಿಟ್ಟು ವಿವರವಾಗಿ ಬರೆಯಿರಿ.