ಬೈಬ್ಯಾಕ್‌ಗೆ ಕೊಡುವ ಮುಂಚೆ: ಹಳೇ ರಿವಾಲ್ವರ್ ಯಾವುದು, ಎಷ್ಟು ಬೆಲೆ ಬಾಳುತ್ತೆ?

ಪ್ರಶ್ನೆ: ಸರ್, ಒಹಾಯೊದಲ್ಲಿ ಕೊಂಡ ಹಳೇ ಮನೆಯ ಬೇಸ್‌ಮೆಂಟಲ್ಲಿ ಎರಡು ರಿವಾಲ್ವರ್ ಸಿಕ್ಕಿವೆ. ಒಂದರ ಹಿಡಿಕೆಯ ಕೆಳಗೆ ಉಂಗುರ, ಅದರ ಪಕ್ಕ V ಅಂತ ಶುರುವಾಗುವ ನಂಬರ್. ನಳಿಗೆ 5 ಇಂಚು, ಮೇಲೆ 38 ಎಸ್ ಅಂಡ್ ಡಬ್ಲ್ಯು ಅಂತಿದೆ. ಇನ್ನೊಂದು ಚಿಕ್ಕದು, ಹಿಡಿಕೆ ಮೇಲೆ ಗೂಬೆ ಚಿತ್ರ. ಶನಿವಾರ ಪೊಲೀಸರ ಬೈಬ್ಯಾಕ್ (ಬಂದೂಕು ಒಪ್ಪಿಸಿದವರಿಗೆ ಪ್ರತಿಫಲ ಕೊಡೋದು) ಇದೆ, ಒಂದಕ್ಕೆ 100 ಡಾಲರ್ ಗಿಫ್ಟ್ ಕಾರ್ಡ್. ಕೊಟ್ಟುಬಿಡಲಾ? ನಾವು ಸಿಟಿಜನ್ಸ್.

ಉತ್ತರ: ಮೊದಲು ಗುಂಡು ಇದೆಯಾ ನೋಡಿ. ನಳಿಗೆ ಯಾರ ಕಡೆಗೂ ಇರಬಾರದು, ಬೆರಳು ಟ್ರಿಗರ್ ಹೊರಗೆ. V ನಂಬರಿನದರಲ್ಲಿ ಎಡಗಡೆಯ ಗುಬುಟನ್ನು ಮುಂದಕ್ಕೆ ತಳ್ಳಿದರೆ ಗುಂಡು ತುಂಬುವ ಸಿಲಿಂಡರ್ ಹೊರಬರುತ್ತೆ. ಗೂಬೆಯದು ಮಧ್ಯದಲ್ಲಿ ಮಡಚಿಕೊಳ್ಳುತ್ತೆ: ಹ್ಯಾಮರ್ (ಗುಂಡಿಗೆ ಬಡಿಯುವ ಭಾಗ) ಮುಂದಿರುವ ಕೊಂಡಿ ಎತ್ತಿ ನಳಿಗೆಯನ್ನು ಕೆಳಗೆ ಬಾಗಿಸಿ. ಸಿಲಿಂಡರಿನಲ್ಲಿ ಗುಂಡು ಕೂರುವ ಪ್ರತಿಯೊಂದು ಕೋಣೆಯನ್ನೂ ಎಣಿಸಿ ನೋಡಿ. ತುಕ್ಕು ಹಿಡಿದು ಬಿಚ್ಚದಿದ್ದರೆ ಬಲ ಹಾಕಬೇಡಿ. ಗುಂಡು ತುಂಬಿದೆ ಅಂತಲೇ ಅಂದುಕೊಂಡು, ಪೊಲೀಸರ ನಾನ್ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ.

ಗೂಬೆಯದು ಐವರ್ ಜಾನ್ಸನ್, ಮ್ಯಾಸಚೂಸೆಟ್ಸ್‌ನಲ್ಲಿ ಲಕ್ಷಗಟ್ಟಲೆ ತಯಾರಾದ ಅಗ್ಗದ ಮಾಲು. ಬಳಸಿದ ಸ್ಥಿತಿಯಲ್ಲಿ ಸಾಮಾನ್ಯವಾಗಿ 50ರಿಂದ 150 ಡಾಲರ್. ಸುಮಾರು 1909ರ ಮುಂಚಿನವು ಕಪ್ಪು ಮದ್ದಿಗೆ (ಹಳೇ ಬಗೆಯ ಗನ್‌ಪೌಡರ್) ಮಾಡಿದವು. ಇವತ್ತಿನ ಗುಂಡು ಹಾಕಿದರೆ ಆ ಮಡಚುವ ಕೀಲು ಸಡಿಲವಾಗುತ್ತಾ ಹೋಗಿ ನಳಿಗೆ ಅಲ್ಲಾಡುತ್ತೆ. ಇದಕ್ಕೆ ಗಿಫ್ಟ್ ಕಾರ್ಡೇ ವಾಸಿ.

V ನಂಬರಿನದನ್ನು ಮಾತ್ರ ಶನಿವಾರದ ಸಾಲಿಗೆ ಹಾಕಬೇಡಿ. ಅದು ಸ್ಮಿತ್ ಅಂಡ್ ವೆಸನ್ (ಎಸ್ ಅಂಡ್ ಡಬ್ಲ್ಯು) ವಿಕ್ಟರಿ ಮಾಡೆಲ್, ಎರಡನೇ ಮಹಾಯುದ್ಧದ್ದು. 5 ಇಂಚಿನ ನಳಿಗೆ ಅಂದರೆ ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೇನೆಗೆ ಹೋದ ಬಗೆ. ಅಮೆರಿಕದ ಸೇನೆಯದು ಹೆಚ್ಚಾಗಿ 4 ಇಂಚು, 38 ಸ್ಪೆಷಲ್ ಗುಂಡಿನದು. ಬೆಲೆ ನಿಲ್ಲೋದು ಒಂದೇ ಪ್ರಶ್ನೆ ಮೇಲೆ: ಯುದ್ಧ ಮುಗಿದ ಮೇಲೆ ಯಾರಾದರೂ ಕೈಯಾಡಿಸಿದ್ದಾರಾ? ಟಾರ್ಚ್ ಹಾಕಿ ಸಿಲಿಂಡರಿನ ಹಿಂದಿನಿಂದ ಕೋಣೆಯೊಳಗೆ ನೋಡಿ. ಮುಕ್ಕಾಲು ಇಂಚಿನ ಆಸುಪಾಸಲ್ಲಿ ಒಂದು ಮೆಟ್ಟಿಲು ಕಾಣಬೇಕು. ಅದಿಲ್ಲದೆ ಆಳವಾಗಿ ಕೊರೆದಿದ್ದರೆ 38 ಸ್ಪೆಷಲ್ ಹಾಕಲು ಬದಲಾಯಿಸಿದ್ದಾರೆ ಅಂತ. ಮೂಲದ 38 ಎಸ್ ಅಂಡ್ ಡಬ್ಲ್ಯು ಗುಂಡಿನ ಮೈ ದಪ್ಪ, ಸ್ಪೆಷಲ್‌ದು ಸಣ್ಣ. ಹಾಗಾಗಿ ಹಾರಿಸಿದಾಗ ಹಿತ್ತಾಳೆ ಕೇಸ್ ಊದಿಕೊಂಡು ಸೀಳುತ್ತೆ. ನಳಿಗೆ ಕತ್ತರಿಸಿ ಮುಂದಿನ ಗುರಿಮೊನೆ ಮತ್ತೆ ಕೂರಿಸಿರುವವೂ ಬೇಕಾದಷ್ಟು. ಕೈಯಾಡಿಸದ್ದು, ನಂಬರು ಹೊಂದುವಂಥದ್ದು 400 ಡಾಲರಿಗಿಂತ ಮೇಲೆ ಹೋಗಬಹುದು. ಕತ್ತರಿಸಿದ್ದಕ್ಕೆ ಅರ್ಧವೂ ಹುಟ್ಟೋದು ಕಷ್ಟ.

ನಂಬರು ಹೊಂದೋದು ಅಂದರೆ: ಹಿಡಿಕೆ ತಳದ್ದು, ಸಿಲಿಂಡರಿನ ಹಿಂಬದಿಯದು, ನಳಿಗೆಯ ಕೆಳಗಿನದು ಒಂದೇ ಇರಬೇಕು. ಹಿಡಿಕೆಯ ಬಲಗಡೆಯ ಮರದ ಹಲಗೆಯ ಒಳಗೂ ಇರಬಹುದು. ಹಲಗೆ ಬಿಚ್ಚುವಾಗ ಮೀಟಬೇಡಿ, ಅಂಚು ಚಿಪ್ಪೇಳುತ್ತೆ. ಸ್ಕ್ರೂವನ್ನು ನಾಲ್ಕು ಸುತ್ತು ಸಡಿಲಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಅದರ ತಲೆಗೆ ಮೆಲ್ಲಗೆ ತಟ್ಟಿ, ಆಚೆಯ ಹಲಗೆ ತಾನಾಗಿ ಎದ್ದುಬರುತ್ತೆ. ಉಕ್ಕಿನ ಉಜ್ಜುನಾರು, ತುಕ್ಕು ತೆಗೆಯುವ ದ್ರಾವಣ ಎರಡೂ ಬೇಡ. ಮೂಲ ಬಣ್ಣ ಹೋದರೆ ದುಡ್ಡೂ ಹೋಯಿತು.

ಪ್ರಶ್ನೆ: ನಂಬರ್ ಅಂದರಲ್ಲ, ಸಿಲಿಂಡರ್ ತೆರೆದಾಗ ಫ್ರೇಮ್ ಮೇಲೆ ಬೇರೇನೋ ನಂಬರ್ ಕಾಣ್ತಿದೆ?

ಉತ್ತರ: ಎಲ್ಲರೂ ಎಡವುವ ಜಾಗ. ಹಳೇ ಸ್ಮಿತ್ ಅಂಡ್ ವೆಸನ್‌ನಲ್ಲಿ ಅದು ಜೋಡಣೆಯ ನಂಬರ್, ನಿಜವಾದ್ದು ಹಿಡಿಕೆಯ ತಳದ್ದು. ಕೋಲ್ಟ್ ಕಂಪನಿಯ ಡಿಟೆಕ್ಟಿವ್ ಸ್ಪೆಷಲ್, ಅಫೀಷಿಯಲ್ ಪೊಲೀಸ್‌ನಲ್ಲಿ ಉಲ್ಟಾ: ನಿಜವಾದ ಸೀರಿಯಲ್ಲೇ ಅಲ್ಲಿರುತ್ತೆ. ಕೋಲ್ಟ್ ಗುರುತಿಸಲು ಇನ್ನೊಂದು ದಾರಿ, ಗುಬುಟನ್ನು ಹಿಂದಕ್ಕೆ ಎಳೆಯಬೇಕು. ನಳಿಗೆ ಮೇಲಿನ ಪೇಟೆಂಟ್ ತಾರೀಖು ತಯಾರಾದ ವರ್ಷವಲ್ಲ.

ಇನ್ನೊಬ್ಬರ ಪ್ರಶ್ನೆ: ನಮ್ಮ ಪಕ್ಕದ ಮನೆಯವರದರ ಮೇಲೂ ಸ್ಮಿತ್ ಅಂಡ್ ವೆಸನ್ ಅಂತಿದೆ. ಹಾಗಾದರೆ ಅದೂ ಬೆಲೆಯದೇ?

ಉತ್ತರ: ಪೂರ್ತಿ ವಾಕ್ಯ ಓದಿಸಿ. "ಫಾರ್ 38 ಸ್ಮಿತ್ ಅಂಡ್ ವೆಸನ್ ಕಾರ್ಟ್ರಿಜ್" ಅಂತಿದ್ದರೆ ಅದು ಗುಂಡಿನ ಹೆಸರು, ಕಂಪನಿಯದಲ್ಲ. ಸ್ಪೇನಿನ ಐಬಾರ್ ಊರಿಂದ ಇಂಥ ನಕಲು ಹೇರಳವಾಗಿ ಬಂದಿವೆ, ಲಾಂಛನವನ್ನೂ ದೂರದಿಂದ ಮೋಸಹೋಗುವಂತೆ ಕೆತ್ತಿದ್ದಾರೆ. ಉಕ್ಕು ಮೆದು, ಸಂಗ್ರಹಕಾರರು ಕೇಳೋದು ಅಪರೂಪ. ಅಸಲಿ ಜಾಕ್‌ಪಾಟ್ ಬೇರೆ: 1935ರಿಂದ 1939ರ ನಡುವೆ ಗಿರಾಕಿ ಹೇಳಿದ ಅಳತೆಗೆ ಮಾಡಿಕೊಟ್ಟ 357 ರಿಜಿಸ್ಟರ್ಡ್ ಮ್ಯಾಗ್ನಮ್. ಸಿಲಿಂಡರ್ ತೋಳು ಕೂರುವ ಕಚ್ಚಿನಲ್ಲಿ REG ಅಕ್ಷರಗಳೂ ಅದರ ಮುಂದೆ ನಂಬರೂ ಇರುತ್ತವೆ. ಅಂಥದ್ದು ಸಿಕ್ಕರೆ ಸಾವಿರಗಳ ಮಾತು.

ಇನ್ನೊಬ್ಬರ ಪ್ರಶ್ನೆ: ನಾವು ಎಚ್-1ಬಿ. ನಮ್ಮ ಮನೆಯಲ್ಲಿ ಹೀಗೆ ಸಿಕ್ಕರೆ?

ಉತ್ತರ: ಬೆಲೆ ಲೆಕ್ಕ ಹಾಕೋಕೇ ಹೋಗಬೇಡಿ. ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಎಚ್-4 ಹೆಂಡತಿಗೂ ಇದೇ ಮಾತು, ಅವರ ಹೆಸರಲ್ಲಿಟ್ಟರೆ ಆಯ್ತು ಅನ್ನುವಂತಿಲ್ಲ. ಮುಟ್ಟದೆ ಅಲ್ಲೇ ಬಿಟ್ಟು ಪೊಲೀಸರಿಗೆ ಹೇಳಿ, ಅವರೇ ಬಂದು ಒಯ್ಯಲಿ. ಇಮಿಗ್ರೇಶನ್ ವಕೀಲರಿಗೂ ಒಂದು ಫೋನ್ ಹಾಕಿ.

ಪ್ರಶ್ನೆ (ಮೊದಲಿನವರು): ಒಳಗೆ ಮೆಟ್ಟಿಲಿದೆ ಸರ್, ಮೂರು ನಂಬರೂ ಒಂದೇ. ಮುಂದೆ?

ಉತ್ತರ: ಕದ್ದ ಮಾಲಲ್ಲ ಅಂತ ಪೊಲೀಸರಲ್ಲಿ ಸೀರಿಯಲ್ ತೋರಿಸಿ ಖಚಿತ ಮಾಡಿಕೊಳ್ಳಿ. ನಂಬರು ಉಜ್ಜಿ ಅಳಿಸಿದ್ದು ಕಂಡಿದ್ದರೆ ಮಾರುವ ಯೋಚನೆಯನ್ನೇ ಬಿಡಬೇಕಿತ್ತು, ಅದೇ ಒಂದು ಅಪರಾಧ. ಆಮೇಲೆ ಲೈಸೆನ್ಸ್ ಇರುವ ಡೀಲರ್ ಹತ್ತಿರ ಕಮಿಷನ್ ಮೇಲೆ ಮಾರಲು ಬಿಡಿ. ಗುಂಡು ತುಂಬಿ ಪರೀಕ್ಷೆ ಮಾಡಬೇಡಿ. 1944ರಲ್ಲಿ ಇಂಥದೊಂದು ಕೆಳಗೆ ಬಿದ್ದು ಗುಂಡು ಹಾರಿ ನೌಕಾದಳದವನೊಬ್ಬ ಸತ್ತ. ಹ್ಯಾಮರ್ ತಡೆಯುವ ಹೊಸ ಭಾಗ ಸೇರಿಸಿದ್ದು ಅದಾದ ಮೇಲೆ, ಅವುಗಳ ನಂಬರಿನ ಮುಂದೆ SV ಅಂತಿರುತ್ತೆ. ನಿಮ್ಮದು ಬರೀ V.